ಹತ್ತು ದೇಶ ಸೇರಿ ಒಂದು ಮಲ್ಚಿಂಗ್ ಶೀಟ್ ನೋಡೋದು ಯಾಕೆ? ಯುರೋಪಿನ ಪಿಎಚ್‌ಡಿ ಗೊತ್ತಿರುವವರು ಹೇಳಿ

ಟೊಮೆಟೊಮನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮಣ್ಣು ವಿಜ್ಞಾನದಲ್ಲಿ ಎಂಎಸ್ಸಿ ಮುಗಿಸುವ ಹಂತದಲ್ಲಿದ್ದೇನೆ. ಊರು ಮುಳಬಾಗಿಲು ಕಡೆ. ಮನೆಯಲ್ಲಿ ಎರಡೂವರೆ ಎಕರೆ, ಬೋರ್‌ವೆಲ್ ನೀರು, ಟೊಮೆಟೊ. ಅಪ್ಪ ಏಳೆಂಟು ವರ್ಷದಿಂದ ಮಲ್ಚಿಂಗ್ ಶೀಟ್, ಅಂದರೆ ಸಾಲಿನ ಮಣ್ಣು ಮುಚ್ಚುವ ಪ್ಲಾಸ್ಟಿಕ್ ಹಾಳೆ, ಹಾಕುತ್ತಿದ್ದಾರೆ. ಕಳೆ ಕಮ್ಮಿ, ನೀರು ಉಳಿಯುತ್ತೆ, ಕೂಲಿ ಉಳಿಯುತ್ತೆ. ಬೆಳೆ ಮುಗಿದ ಮೇಲೆ ಶೀಟು ಎಳೆದು ತೆಗೆಯುತ್ತೇವೆ. ಸ್ವಲ್ಪ ಕೈಗೆ ಬರುತ್ತೆ, ಉಳಿದದ್ದು ಹರಿದು ಮಣ್ಣಲ್ಲೇ ಕೂರುತ್ತೆ. ರೋಟವೇಟರ್ ಹೊಡೆದ ಮೇಲಂತೂ ಕೇಳೋದೇ ಬೇಡ. ಮಳೆ ಬಂದ ಮಾರನೇ ದಿನ ಹೊಲದಲ್ಲಿ ಬೆಳ್ಳಿ ಚೂರು ಮಿಂಚುತ್ತಿರುತ್ತವೆ.

ಈಗ ವಿಷಯ. ಹೋದ ವಾರ ಒಂದು ಪಿಎಚ್‌ಡಿ ಜಾಹೀರಾತು ನೋಡಿದೆ. 'ಡಾಕ್ಟರಲ್ ನೆಟ್‌ವರ್ಕ್' ಅಂತೆ. ಹೊಲದಲ್ಲಿ ಉಳಿಯುವ ಪ್ಲಾಸ್ಟಿಕ್ ಚೂರು, ಮಣ್ಣಲ್ಲಿ ಕರಗುವ ಶೀಟು, ಇದೇ ವಿಷಯ. ಓದಿದಾಗ ನಮ್ಮ ಹೊಲವನ್ನೇ ನೋಡಿ ಬರೆದ ಹಾಗಿತ್ತು. ಆದರೆ ಕೆಲಸ ಒಂದು ದೇಶದಲ್ಲಿ, ನಡುವೆ ಕೆಲವು ತಿಂಗಳು ಇನ್ನೆರಡು ದೇಶಗಳಲ್ಲಿ. ಜೊತೆಗಾರರ ಪಟ್ಟಿಯಲ್ಲಿ ಹನ್ನೊಂದು ಹೆಸರು. ಯೂನಿವರ್ಸಿಟಿಗಳು, ಒಂದು ರೈತರ ಸಂಘ, ಶೀಟು ತಯಾರಿಸುವ ಒಂದು ಕಂಪನಿ ಕೂಡ.

ನಮ್ಮ ಗೈಡ್ ಯೋಚನೆ ಮಾಡಬೇಡ, ಹಾಕು ಅಂದರು. ಸೀನಿಯರ್ ಒಬ್ಬರು ಅದೆಲ್ಲ ಮೀಟಿಂಗ್ ಕೆಲಸ, ಸೈನ್ಸ್ ಅಲ್ಲ ಅಂದರು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ದೇಶ ಯಾಕೆ ಬೇಕು? ಒಂದು ಒಳ್ಳೆ ಲ್ಯಾಬ್ ಸಾಲದಾ? ಕಂಪನಿ ಒಳಗಿದ್ದರೆ ನಾನು ಕಂಡದ್ದನ್ನು ನಾನು ಬರೆಯಬಹುದಾ? ಅಪ್ಪ ಕೇಳಿದ್ದು ಇನ್ನೂ ಸರಳ: 'ಅವರ ಊರಿನ ಶೀಟು ನೋಡೋಕೆ ಮುಳಬಾಗಿಲಿಂದ ನೀನ್ಯಾಕಮ್ಮಾ?' ಉತ್ತರ ಹೊಳೆಯಲಿಲ್ಲ.

ಗೆಂಟ್‌ಗಿರಿ ಬರೆದದ್ದು:

ನಿಮ್ಮ ಸೀನಿಯರ್ ಬೈದರಲ್ಲ, ಆ ಮೀಟಿಂಗ್ ಕರೆಯುವವನೇ ನಾನು. ಬೆಲ್ಜಿಯಂನಲ್ಲಿ ಇಂಥ ಪ್ರಾಜೆಕ್ಟುಗಳ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ. ಹಾಗಾಗಿ ಹಣ ಎಲ್ಲಿಂದ ಬರುತ್ತೆ ಅಂತ ಮಾತ್ರ ಹೇಳುತ್ತೇನೆ. ಮಣ್ಣಿನ ವಿಷಯ ಬೇರೆಯವರು ಹೇಳಲಿ.

ಯುರೋಪಿನ ದೊಡ್ಡ ಹುಂಡಿಯ ಹೆಸರು ಹೊರೈಜನ್ ಯುರೋಪ್. 2021ರಿಂದ 2027ರವರೆಗೆ, ಸುಮಾರು 9,550 ಕೋಟಿ ಯೂರೋ. ಇದರ ಹಿಂದಿನದು ಹೊರೈಜನ್ 2020. ಈ ಸಾಲು ಶುರುವಾದದ್ದು 1984ರಲ್ಲಿ. ಆಹಾರ, ಕೃಷಿ, ಪರಿಸರ ಎಲ್ಲ ಸೇರಿಸಿ 'ಕ್ಲಸ್ಟರ್ 6' ಅನ್ನುತ್ತಾರೆ. ಅದರಲ್ಲಿ ಅರ್ಜಿ ಹಾಕಬೇಕಾದರೆ ಕನಿಷ್ಠ ಮೂರು ದೇಶದ ಮೂರು ಸಂಸ್ಥೆ ಇರಬೇಕು. ಒಂದಾದರೂ ಯುರೋಪ್ ಒಕ್ಕೂಟದ ಸದಸ್ಯ ದೇಶದ್ದಾಗಿರಬೇಕು. ಉಳಿದವು ನಾರ್ವೆಯಂಥ ಜೊತೆ ದೇಶದವಾದರೂ ನಡೆಯುತ್ತೆ, ಅಂದರೆ ಒಕ್ಕೂಟದ ಹೊರಗಿದ್ದೂ ಒಪ್ಪಂದ ಮಾಡಿಕೊಂಡು ಈ ಹುಂಡಿಗೆ ಸೇರಿದ ದೇಶ. ಬ್ರಿಟನ್ ಹೊರಗೆ ಹೋಗಿ 2024ರಲ್ಲಿ ಹೀಗೇ ಮತ್ತೆ ಒಳಗೆ ಬಂತು.

ನಿಯಮ ಕೇಳುವುದು ಮೂರು. ಬರುವುದು ಹದಿನೈದು. ಯಾಕೆ ಅಂದರೆ ಮದುವೆ ಪತ್ರಿಕೆಯಲ್ಲಿ ಸುಖಾಗಮನ ಬಯಸುವವರ ಹೆಸರು ತುಂಬಿಸಿದ ಹಾಗೆ. ಒಬ್ಬರನ್ನು ಬಿಟ್ಟರೂ ಬೇಜಾರು. ಹದಿನೈದರಲ್ಲಿ ನಿಜವಾಗಿ ದುಡಿಯುವವರು ಏಳೆಂಟು ಜನ. ಇದು ನನ್ನ ಅನುಭವ, ಯಾರೂ ಜಗಳಕ್ಕೆ ಬರಬೇಡಿ. ಅರ್ಜಿಗೆ 15 ಅಂಕ. ಕೆಲಸದ ಗುಣಕ್ಕೆ 5, ಪರಿಣಾಮಕ್ಕೆ 5, ನಡೆಸುವ ಬಗೆಗೆ 5. ಹತ್ತು ಬಂದರೆ ಪಾಸು. ಪಾಸಾದವರಿಗೆಲ್ಲ ದುಡ್ಡು ಸಿಗಲ್ಲ, 13 ಬಂದು ಕೈ ಖಾಲಿ ಉಳಿದವರನ್ನು ನೋಡಿದ್ದೇನೆ.

ನೀವು ನೋಡಿದ ಡಾಕ್ಟರಲ್ ನೆಟ್‌ವರ್ಕ್ ಇದೇ ಹುಂಡಿಯ ಇನ್ನೊಂದು ಕಿಂಡಿ. ಹೆಸರು ಮೇರಿ ಕ್ಯೂರಿಯದು. ಇದರಲ್ಲಿ ಯಾವ ದೇಶದ ವಿದ್ಯಾರ್ಥಿಯಾದರೂ ಅರ್ಜಿ ಹಾಕಬಹುದು, ಭಾರತೀಯರು ಅಂತ ಅಡ್ಡಿ ಇಲ್ಲ. ಕೆಲಸಕ್ಕೆ ಸೇರುವ ಹಿಂದಿನ 36 ತಿಂಗಳಲ್ಲಿ ಆ ದೇಶದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು, ಅಷ್ಟೆ. ಮುಳಬಾಗಿಲಿಂದ ಬರುವವರಿಗೆ ಅದೇನು ಕಷ್ಟ ಅಲ್ಲ.

ಇನ್ನೊಂದು ಹೆಸರು ಕಿವಿಗೆ ಬೀಳುತ್ತೆ, ಕಾಸ್ಟ್ ಅಂತ. 1971ರಿಂದ ಇದೆ, ಹೊರೈಜನ್‌ಗಿಂತ ಹಳೆಯದು. ಅದು ಸಂಬಳ ಕೊಡಲ್ಲ, ಯಂತ್ರ ಕೊಡಿಸಲ್ಲ. ಸೇರಿ ಮಾತಾಡಲು, ಇನ್ನೊಂದು ಲ್ಯಾಬಿಗೆ ಕೆಲವು ವಾರ ಹೋಗಿ ಕಲಿಯಲು ಖರ್ಚು ಕೊಡುತ್ತೆ. ಒಂದು ಗುಂಪಿಗೆ ನಾಲ್ಕು ವರ್ಷ. ಎರಡನ್ನೂ ಕಲಸಿಕೊಳ್ಳಬೇಡಿ.

ಸೇರುಪಾವು ಬರೆದದ್ದು:

ತಂಗಿ, ನಿನ್ನ ಪ್ರಶ್ನೆ ಓದಿ ನಗು ಬಂತು. ಏಳು ವರ್ಷದ ಹಿಂದೆ ನಾನೂ ಇದನ್ನೇ ಕೇಳಿದ್ದೆ, ಉತ್ತರ ಹೇಳುವವರು ಇರಲಿಲ್ಲ. ನಾನು ಅರಸೀಕೆರೆಯವಳು. ಪಿಎಚ್‌ಡಿ ಮಾಡಿದ್ದು ನೆದರ್‌ಲ್ಯಾಂಡ್ಸಿನ ವಾಗೆನಿಂಗೆನ್‌ನಲ್ಲಿ. (ಅಲ್ಲಿಯವರು ಆ 'ಗ' ಅಕ್ಷರವನ್ನು ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗೆ ಹೇಳುತ್ತಾರೆ, ನನಗೆ ಇವತ್ತಿಗೂ ಬರಲ್ಲ.) ಈಗ ನಾರ್ವೆಯಲ್ಲಿದ್ದೇನೆ. ಕೆಲಸ ಅದೇ, ಮಣ್ಣಲ್ಲಿ ಪ್ಲಾಸ್ಟಿಕ್ ಹುಡುಕುವುದು. ಸ್ವಲ್ಪ ಉದ್ದ ಬರೆಯುತ್ತೇನೆ, ಟೀ ಇಟ್ಟುಕೊಂಡು ಓದು.

ಗಿರಿ ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಇಷ್ಟೊಂದು ದೇಶ ಯಾಕೆ ಅನ್ನುವುದಕ್ಕೆ ಮದುವೆ ಪತ್ರಿಕೆಗಿಂತ ಒಳ್ಳೆ ಕಾರಣ ಒಂದಿದೆ. ನನ್ನ ಹ್ಯಾಂಡಲ್ ಹೆಸರಿನಲ್ಲೇ ಇದೆ ಅದು.

ನಮ್ಮಜ್ಜಿ ಮನೆಯಲ್ಲಿ ಎರಡು ಸೇರು ಇದ್ದವು. ಒಂದು ಹಿತ್ತಾಳೆಯದು, ಒಂದು ಕಬ್ಬಿಣದ್ದು. ಕಬ್ಬಿಣದ್ದು ತಳ ತಗ್ಗಿ ಸ್ವಲ್ಪ ಜಾಸ್ತಿ ಹಿಡಿಯುತ್ತಿತ್ತು. ಅಜ್ಜಿ ಸಾಲ ತರುವಾಗ ಕಬ್ಬಿಣದ ಸೇರು ಒಯ್ಯುತ್ತಿದ್ದಳು, ತೀರಿಸುವಾಗ ಹಿತ್ತಾಳೆಯದು. ಊರಿಗೇ ಗೊತ್ತಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಯಾಕೆಂದರೆ ಅವರ ಮನೆಯಲ್ಲೂ ಎರಡು ಸೇರು ಇದ್ದವು.

ಪ್ಲಾಸ್ಟಿಕ್ ಲೆಕ್ಕದಲ್ಲಿ ಲ್ಯಾಬುಗಳ ಕಥೆ ಇದೇ. ಕೆಲಸ ಹೇಗೆ ನಡೆಯುತ್ತೆ ಅಂತ ಹೇಳುತ್ತೇನೆ, ಆಗ ತಿಳಿಯುತ್ತೆ. ಹೊಲದಿಂದ ಮಣ್ಣು ತರುತ್ತೀಯ. ಒಣಗಿಸಿ ಜರಡಿ ಹಿಡಿಯುತ್ತೀಯ. ಆಮೇಲೆ ಉಪ್ಪಿನ ನೀರಿಗೆ ಹಾಕಿ ಕಲಕುತ್ತೀಯ. ಮಣ್ಣಿನ ಕಣ ಕೆಳಗೆ ಹೋಗುತ್ತೆ, ಹಗುರಾದ ಪ್ಲಾಸ್ಟಿಕ್ ತೇಲುತ್ತೆ. ತೇಲಿದ್ದರ ಜೊತೆ ಬೇರು, ಹುಲ್ಲು, ಗೊಬ್ಬರದ ಚೂರು ಕೂಡ ಇರುತ್ತೆ. ಅದನ್ನು ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಸುಡಬೇಕು. ಬೇಗ ಆಗಲಿ ಅಂತ ಕಬ್ಬಿಣದ ಉಪ್ಪು ಸೇರಿಸಿದರೆ ಪಾತ್ರೆ ಬಿಸಿಯಾಗಿ ಉಕ್ಕುತ್ತೆ, ಹಾಲು ಕಾಯಿಸುವಾಗ ನಿಂತ ಹಾಗೆ ಪಕ್ಕದಲ್ಲೇ ನಿಂತಿರಬೇಕು. ಕೊನೆಗೆ ಸೋಸಿ, ಇನ್‌ಫ್ರಾರೆಡ್ ಮೈಕ್ರೋಸ್ಕೋಪಿನ ಕೆಳಗಿಟ್ಟು ಒಂದೊಂದು ಚೂರೂ ಯಾವ ಪ್ಲಾಸ್ಟಿಕ್ ಅಂತ ನೋಡಬೇಕು.

ಇದರಲ್ಲಿ ಒಂದೊಂದು ಹೆಜ್ಜೆಯನ್ನೂ ಒಂದೊಂದು ಲ್ಯಾಬ್ ತನಗೆ ತೋಚಿದ ಹಾಗೆ ಮಾಡುತ್ತೆ. ಉಪ್ಪಿನ ವಿಷಯವನ್ನೇ ತಗೋ. ಅಡುಗೆ ಉಪ್ಪು ಎಷ್ಟು ಕರಗಿಸಿದರೂ ನೀರಿನ ಸಾಂದ್ರತೆ 1.2 ದಾಟಲ್ಲ (ಬರೀ ನೀರಿನದು 1). ನಿಮ್ಮಪ್ಪ ಹಾಕುವ ಶೀಟು ಪಾಲಿಥಿನ್, ಅದು 0.92ರ ಆಸುಪಾಸು. ಆರಾಮಾಗಿ ತೇಲುತ್ತೆ. ಆದರೆ ಮಣ್ಣಲ್ಲಿ ಕರಗುವ ಶೀಟುಗಳು ಹೆಚ್ಚಾಗಿ ಪಿಬಿಎಟಿ ಅನ್ನುವ ಪ್ಲಾಸ್ಟಿಕ್ಕಿನವು. ಅದು ಸುಮಾರು 1.25. ಅಡುಗೆ ಉಪ್ಪಿನ ನೀರಲ್ಲಿ ಮುಳುಗುತ್ತೆ. ಅದನ್ನು ತೇಲಿಸಲು ಜಿಂಕ್ ಕ್ಲೋರೈಡ್ ಬೇಕು, 1.6ರವರೆಗೆ ಏರಿಸಬಹುದು. ಆದರೆ ಬೆಲೆ ಜಾಸ್ತಿ, ಕೈ ಸುಡುತ್ತೆ, ಚರಂಡಿಗೆ ಚೆಲ್ಲುವ ಹಾಗಿಲ್ಲ.

ನನ್ನ ಮೊದಲ ವರ್ಷದಲ್ಲಿ ನಡೆದದ್ದು. ಒಂದೇ ಮಣ್ಣನ್ನು ಚೆನ್ನಾಗಿ ಬೆರೆಸಿ, ಸೀಸೆಗೆ ತುಂಬಿ, ಜೊತೆಗಾರ ಲ್ಯಾಬುಗಳಿಗೆ ಕಳಿಸಿದೆವು. ಒಳಗೆ ಎರಡೂ ಬಗೆಯ ಶೀಟಿನ ಚೂರು ನಾವೇ ಹಾಕಿದ್ದೆವು. ಉತ್ತರಗಳು ಒಂದಕ್ಕೊಂದು ತಾಳೆಯೇ ಆಗಲಿಲ್ಲ. ಒಂದು ಲ್ಯಾಬಿನವರು ಕರಗುವ ಶೀಟಿನ ಒಂದು ಚೂರೂ ಇಲ್ಲ ಅಂತ ಬರೆದಿದ್ದರು. ಜೂಮ್ ಮೀಟಿಂಗಿನಲ್ಲಿ ಒಬ್ಬರಿಗೆ ಮುಖ ಅರಳಿತು, ಅಷ್ಟು ಬೇಗ ಕರಗಿತೇ ಅಂತ. ವಿಚಾರಿಸಿದರೆ ಆ ಲ್ಯಾಬ್ ಬಳಸಿದ್ದು ಅಡುಗೆ ಉಪ್ಪು. ಚೂರು ಎಲ್ಲ ಪಾತ್ರೆಯ ತಳದಲ್ಲಿ ಮಣ್ಣಿನ ಜೊತೆ ಮುಳುಗಿ ಕೂತಿದ್ದವು. ಆ ಮಣ್ಣನ್ನು ಅವರು ಆಗಲೇ ಬಿಸಾಕಿದ್ದರು.

ಇನ್ನೊಂದು ಲ್ಯಾಬಿನಲ್ಲಿ ಮಣ್ಣೇ ಹಾಕದ ಖಾಲಿ ಸೀಸೆಯಲ್ಲೂ ನೀಲಿ ನೂಲು ಸಿಗುತ್ತಿತ್ತು. ಎರಡು ತಿಂಗಳು ತಲೆ ಕೆಡಿಸಿಕೊಂಡೆವು. ಕೊನೆಗೆ ನೋಡಿದರೆ ಅಲ್ಲಿಯ ಟೆಕ್ನಿಷಿಯನ್ ಚಳಿಗೆ ಕೋಟಿನ ಒಳಗೆ ನೀಲಿ ಫ್ಲೀಸ್ ಹಾಕಿಕೊಂಡು ಬರುತ್ತಿದ್ದ. ಪಾಪ, ಅವನ ತಪ್ಪೇನಿಲ್ಲ. ಯಾರೂ ಹೇಳಿರಲಿಲ್ಲ.

ಈಗ ಯೋಚಿಸು. ಒಂದೇ ಒಳ್ಳೆ ಲ್ಯಾಬ್ ಇದ್ದಿದ್ದರೆ ಇದು ಗೊತ್ತಾಗುತ್ತಿತ್ತಾ? ಒಂದೇ ಸೇರು ಇರುವ ಮನೆಯಲ್ಲಿ ಸೇರು ಸರಿಯಾಗಿದೆ ಅಂತಲೇ ಎಲ್ಲರ ನಂಬಿಕೆ. ಪಕ್ಕದ ಮನೆಯ ಸೇರು ತಂದು ಪಕ್ಕದಲ್ಲಿಟ್ಟಾಗಲೇ ವ್ಯತ್ಯಾಸ ಕಾಣುವುದು. ಸ್ಪೇನಿನ ಹೊಲದಲ್ಲಿ ಫಿನ್‌ಲ್ಯಾಂಡಿಗಿಂತ ಪ್ಲಾಸ್ಟಿಕ್ ಜಾಸ್ತಿ ಅಂತ ಯಾರಾದರೂ ಬರೆದರೆ, ಅದು ಹೊಲದ ವ್ಯತ್ಯಾಸವೋ ಉಪ್ಪಿನ ವ್ಯತ್ಯಾಸವೋ? ಅದನ್ನು ಬಗೆಹರಿಸದೆ ಕಾನೂನು ಮಾಡಿದರೆ ಯಾರದೋ ಹೊಲಕ್ಕೆ ಸುಮ್ನೆ ಅಪವಾದ ಬರುತ್ತೆ.

ಈ ತೊಂದರೆ ಗೊತ್ತಿದ್ದವರು ಮುಂಚೆಯೂ ಇದ್ದರು. ಯುರೋಪ್ ಒಕ್ಕೂಟದ್ದು ಲ್ಯೂಕಾಸ್ ಅನ್ನುವ ಸಮೀಕ್ಷೆ ಇದೆ. 2009ರಲ್ಲಿ ಸುಮಾರು 20,000 ಜಾಗದಿಂದ ಮೇಲಿನ 20 ಸೆಂಟಿಮೀಟರ್ ಮಣ್ಣು ತಗೊಂಡರು. ಎಲ್ಲ ಕಡೆ ಒಂದೇ ವಿಧಾನ. ಆಮೇಲೆ ಅಷ್ಟನ್ನೂ ಒಂದೇ ಲ್ಯಾಬಿಗೆ ಕಳಿಸಿದರು, ದೇಶ ದೇಶದ ಲ್ಯಾಬಿನ ಜಗಳವೇ ಬೇಡ ಅಂತ. ಇಂಗಾಲ, ರಂಜಕ, ಪಿಎಚ್‌ಗೆ ಅದು ಸರಿಹೋಯಿತು. ಪ್ಲಾಸ್ಟಿಕ್ ಚೂರು ಎಣಿಸುವ ಕೆಲಸ ನಿಧಾನದ್ದು, ಒಂದು ಲ್ಯಾಬಿಗೆ 20,000 ಸೀಸೆ ಕಳಿಸಿದರೆ ಅಲ್ಲಿಯವರು ಬಾಗಿಲು ಹಾಕಿಕೊಂಡು ಓಡಿಹೋಗುತ್ತಾರೆ. ಹಾಗಾಗಿ ಎಲ್ಲ ಲ್ಯಾಬುಗಳನ್ನೂ ಒಂದೇ ಸೇರಿಗೆ ತರುವುದೊಂದೇ ದಾರಿ.

ಈ ವಿಷಯದಲ್ಲಿ ದೊಡ್ಡ ಪ್ರಾಜೆಕ್ಟು ಎರಡು ಇದ್ದವು, ಎರಡೂ 2021ರಲ್ಲಿ ಶುರುವಾದವು, ಎರಡೂ ಹೊರೈಜನ್ 2020ರ ಹಣದಲ್ಲಿ. ಪ್ಯಾಪಿಲಾನ್ಸ್ ಅನ್ನುವುದನ್ನು ನಾರ್ವೆಯ ನಿವಾ ನಡೆಸಿತು. ನಿವಾ ಅಂದರೆ ನೀರಿನ ಸಂಶೋಧನೆಯ ಸಂಸ್ಥೆ. ಮಿನಾಗ್ರಿಸ್ ಅನ್ನುವುದನ್ನು ವಾಗೆನಿಂಗೆನ್ ನಡೆಸಿತು. ಎರಡರ ಪೇಪರುಗಳೂ ಹಣ ಕೊಡದೆ ಓದಲು ಸಿಗುತ್ತವೆ. ಇಂಟರ್‌ವ್ಯೂಗೆ ಮುಂಚೆ ಓದು. ಅದರಲ್ಲೂ ವಿಧಾನದ ಪೇಪರು ಮೊದಲು ಓದು, ಎರೆಹುಳದ ಪೇಪರು ಆಮೇಲೆ. ಎಲ್ಲರೂ ಎರೆಹುಳಕ್ಕೇ ಹೋಗುತ್ತಾರೆ, ಫೋಟೋ ಚೆನ್ನಾಗಿರುತ್ತೆ ಅಂತ. 2016ರಲ್ಲಿ ವಾಗೆನಿಂಗೆನ್‌ನವರು ಎರೆಹುಳಕ್ಕೆ ಪಾಲಿಥಿನ್ ಬೆರೆಸಿದ ತರಗು ತಿನ್ನಿಸಿ ನೋಡಿದ್ದರು. ಜಾಸ್ತಿ ಬೆರೆಸಿದ ಕಡೆ ಹುಳ ಸೊರಗಿದವು, ಸತ್ತವು. ಒಳ್ಳೆಯ ಕೆಲಸ. ಆದರೆ ತರಗಿನಲ್ಲಿ ಅವರು ಬೆರೆಸಿದ ಪ್ರಮಾಣ ಸಾಮಾನ್ಯ ಹೊಲದಲ್ಲಿ ಸಿಗುವಂಥದ್ದಲ್ಲ. ಅದನ್ನು ಹೇಳದೆ ಸುದ್ದಿ ಹಬ್ಬಿಸುವವರು ಬಹಳ.

ಇನ್ನು ಕಂಪನಿ ವಿಷಯ. ಭಯ ಬೇಡ, ಆದರೆ ಕೇಳಬೇಕಾದ್ದು ಕೇಳು. ಸೇರಿದವರೆಲ್ಲ ಶುರುವಿಗೇ ಒಂದು ಒಪ್ಪಂದಕ್ಕೆ ಸಹಿ ಹಾಕಿರುತ್ತಾರೆ. ಹೆಚ್ಚಿನವರು ಡೆಸ್ಕಾ ಅನ್ನುವ ಮಾದರಿ ಬಳಸುತ್ತಾರೆ. ಅದರ ಪ್ರಕಾರ ನೀನು ಏನಾದರೂ ಪ್ರಕಟಿಸುವ 45 ದಿನ ಮುಂಚೆ ಎಲ್ಲ ಜೊತೆಗಾರರಿಗೂ ಕಳಿಸಬೇಕು. ಆಕ್ಷೇಪ ಇದ್ದವರು 30 ದಿನದೊಳಗೆ, ಕಾರಣ ಕೊಟ್ಟು ಹೇಳಬೇಕು. ಅವರ ಗುಟ್ಟಿನ ಮಾಹಿತಿ ಸೇರಿದೆ, ಪೇಟೆಂಟಿಗೆ ತೊಂದರೆ, ಇಂಥ ಕಾರಣ. ನಮ್ಮ ಶೀಟಿಗೆ ಕೆಟ್ಟ ಹೆಸರು ಬರುತ್ತೆ ಅನ್ನುವುದು ಕಾರಣ ಅಲ್ಲ. ನನಗೆ ಒಮ್ಮೆ ಆಕ್ಷೇಪ ಬಂತು. ಶೀಟಿನ ಬಣ್ಣದ ಪುಡಿಯ ಹೆಸರು ತೆಗೆಯಿರಿ ಅಂದರು. ತೆಗೆದೆ. ಉಳಿದದ್ದೆಲ್ಲ ಹಾಗೇ ಅಚ್ಚಾಯಿತು. ಸಹಿ ಹಾಕುವ ಮುಂಚೆ ಆ ಪುಟ ತೋರಿಸಿ ಅಂತ ಕೇಳು, ಮುಜುಗರ ಬೇಡ.

ಮೀಟಿಂಗ್? ಇರುತ್ತೆ. ಕೆಲವು ದಿನ ತಲೆ ಚಿಟ್ಟು ಹಿಡಿಯುತ್ತೆ. ಮೊದಲ ಆರು ತಿಂಗಳಲ್ಲಿ ಡೇಟಾ ಹೇಗೆ ಇಡುತ್ತೀರಿ ಅಂತ ಒಂದು ವರದಿ ಕೊಡಬೇಕು, ಕೈಯಲ್ಲಿ ಒಂದು ಡೇಟಾವೂ ಇಲ್ಲದಾಗ. ಆಮೇಲೆ 'ಡಿ 3.2' ಅಂತ ಒಂದು ವರದಿ ನಿನ್ನ ಹೆಸರಿಗೆ ಬೀಳುತ್ತೆ. ನಿನ್ನ ಮನೆಯವರ ಹುಟ್ಟುಹಬ್ಬ ಮರೆತರೂ ಅದರ ತಾರೀಖು ಮರೆಯಲ್ಲ. ಇಷ್ಟಾದರೂ ಆ ಉಪ್ಪಿನ ಜಗಳ ಬಗೆಹರಿದದ್ದು ಮೀಟಿಂಗಿನಲ್ಲೇ. ಎಲ್ಲರೂ ಒಂದು ಲ್ಯಾಬಿನಲ್ಲಿ ನಾಲ್ಕು ದಿನ ಒಟ್ಟಿಗೆ ನಿಂತು, ಒಂದೇ ಮಣ್ಣು ಕಲಕಿ, ಇಂಥ ಉಪ್ಪು, ಇಷ್ಟು ಹೊತ್ತು ಅಂತ ಬರೆದುಕೊಂಡೆವು. ನನ್ನ ಥೀಸಿಸ್ಸಿನಲ್ಲಿ ನನಗೆ ತುಂಬಾ ಹೆಮ್ಮೆ ಇರುವ ಅಧ್ಯಾಯ ಅದು. ಸೈಟೇಶನ್ ಕೂಡ ಅದಕ್ಕೇ ಜಾಸ್ತಿ.

ಚಿಂತಾಮಣಿರೈತ ಬರೆದದ್ದು:

ಓದಿದೆ ಮೇಡಂ. ನಾನು ಓದಿದ್ದು ಪಿಯುಸಿ, ಆದರೂ ಉಪ್ಪಿನ ಕಥೆ ತಿಳಿಯಿತು. ನಮ್ಮ ಕಡೆ ಹರಿದ ಶೀಟನ್ನು ಬದುವಿಗೆ ಗುಡ್ಡೆ ಹಾಕಿ ಬೆಂಕಿ ಇಡುತ್ತಾರೆ. ನಾನೂ ಇಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ. ಗುಜರಿಯವನು ತಗೊಳ್ಳಲ್ಲ, ಮಣ್ಣು ಮೆತ್ತಿದೆ ಅನ್ನುತ್ತಾನೆ. ಈಗ ಅಂಗಡಿಯಲ್ಲಿ 'ತಾನೇ ಕರಗುತ್ತೆ' ಅಂತ ಒಂದು ಶೀಟು ತೋರಿಸಿದರು. ನಂಬಬಹುದಾ? ಅಲ್ಲಿಯ ರೈತರು ಏನು ಮಾಡುತ್ತಾರೆ?

ಸೇರುಪಾವು ಬರೆದದ್ದು:

ಅಣ್ಣಾ, ಇಲ್ಲಿಯ ಗುಜರಿಯವನೂ ಇದನ್ನೇ ಹೇಳುತ್ತಾನೆ. ಹೊಲದಿಂದ ತೆಗೆದ ಶೀಟಿನಲ್ಲಿ ಪ್ಲಾಸ್ಟಿಕ್ಕಿಗಿಂತ ಮೆತ್ತಿದ ಮಣ್ಣಿನ ತೂಕವೇ ಜಾಸ್ತಿ ಇರುವುದುಂಟು. ತೊಳೆಯುವ ಖರ್ಚು ಯಾರು ಕೊಡಬೇಕು ಅನ್ನುವುದೇ ಜಗಳ. ಫ್ರಾನ್ಸಿನಲ್ಲಿ 2001ರಿಂದ ಅಡಿವಲೋರ್ ಅಂತ ಒಂದು ವ್ಯವಸ್ಥೆ ಇದೆ. ಔಷಧಿ ಡಬ್ಬಿ, ಶೀಟು ಎಲ್ಲ ರೈತರಿಂದ ವಾಪಸ್ ತಗೊಳ್ಳುತ್ತಾರೆ. ಖರ್ಚಿನಲ್ಲಿ ಮಾರುವವರ, ತಯಾರಿಸುವವರ ಪಾಲೂ ಇದೆ. ಸ್ಪೇನಿನ ಅಲ್ಮೇರಿಯಾದಲ್ಲಿ ನೆಲವೇ ಕಾಣದ ಹಾಗೆ ಪ್ಲಾಸ್ಟಿಕ್ ಚಪ್ಪರ, 30,000 ಹೆಕ್ಟೇರ್‌ಗೂ ಜಾಸ್ತಿ. ನಾನು ಅಲ್ಲಿ ಒಂದು ಒಣ ಹಳ್ಳದಲ್ಲಿ ನಡೆದಿದ್ದೇನೆ. ಕಾಲಿಗೆ ಸಿಕ್ಕಿದ್ದು ಕಲ್ಲಲ್ಲ, ಹಳೇ ಶೀಟು. ಯುರೋಪ್ ಅಂದರೆ ಎಲ್ಲ ಸ್ವಚ್ಛ ಅಂದುಕೊಳ್ಳಬೇಡಿ.

ಕರಗುವ ಶೀಟಿನ ಬಗ್ಗೆ. ಅಂಗಡಿಯವರನ್ನು ಮೊದಲು ಒಂದೇ ಮಾತು ಕೇಳಿ: ಇದು 'ಆಕ್ಸೋ' ಶೀಟಾ? ಹೌದು ಅಂದರೆ ಬೇಡ. ಅದು ಮಾಮೂಲಿ ಪಾಲಿಥಿನ್ನೇ, ಬಿಸಿಲಿಗೆ ಬೇಗ ಪುಡಿಯಾಗಲಿ ಅಂತ ಏನೋ ಬೆರೆಸಿರುತ್ತಾರೆ. ಪುಡಿಯಾಗುತ್ತೆ, ಕಣ್ಣಿಗೆ ಕಾಣಲ್ಲ, ಮಣ್ಣಲ್ಲಿ ಇರುತ್ತೆ. ಆಯುವುದಕ್ಕೂ ಆಗಲ್ಲ. ಯುರೋಪ್ ಒಕ್ಕೂಟ 2019ರಲ್ಲಿ ಕಾನೂನು ಮಾಡಿ, 2021ರ ಜುಲೈಯಿಂದ ಅದನ್ನು ಮಾರುವುದನ್ನೇ ನಿಲ್ಲಿಸಿತು.

ನಿಜವಾಗಿ ಕರಗುವ ಶೀಟಿಗೆ ಇಲ್ಲಿ ಒಂದು ಮಾನದಂಡ ಇದೆ, ಇಎನ್ 17033 ಅಂತ, 2018ರದು. ಲ್ಯಾಬಿನಲ್ಲಿ ಮಣ್ಣಿಗೆ ಹಾಕಿ ಎರಡು ವರ್ಷದೊಳಗೆ ನೂರಕ್ಕೆ 90 ಭಾಗ ಇಂಗಾಲದ ಡೈಆಕ್ಸೈಡ್ ಆಗಿ ಹೋಗಬೇಕು. ಕಾಣೆಯಾದರೆ ಸಾಲದು, ಗಾಳಿಯಾಗಿ ಹೋದದ್ದನ್ನು ಅಳೆದು ತೋರಿಸಬೇಕು. ಇದು ಗಟ್ಟಿ ಪರೀಕ್ಷೆ, ನನಗೆ ಇಷ್ಟ. ಆದರೆ ಲ್ಯಾಬಿನಲ್ಲಿ ಮಣ್ಣಿಗೆ ಯಾವಾಗಲೂ ಹದವಾದ ತೇವ, 25 ಡಿಗ್ರಿ ಆಸುಪಾಸಿನ ಬಿಸಿ. ಫಿನ್‌ಲ್ಯಾಂಡಿನ ಹೊಲ ವರ್ಷದಲ್ಲಿ ಎಷ್ಟು ದಿನ ಹಾಗಿರುತ್ತೆ? ಚಿಂತಾಮಣಿಯಲ್ಲಿ ಬಿಸಿ ಉಂಟು, ಮಾರ್ಚ್ ಏಪ್ರಿಲ್‌ನಲ್ಲಿ ತೇವ ಎಲ್ಲಿಂದ ಬರಬೇಕು? ಕರಗಿಸುವುದು ಮಣ್ಣಿನ ಸೂಕ್ಷ್ಮಜೀವಿ. ಅದಕ್ಕೆ ನೀರು ಬೇಕೇ ಬೇಕು. ಹಾಗಾಗಿ ಒಂದು ಸಾಲಿಗೆ ಮಾತ್ರ ಹಾಕಿ ನೋಡಿ. ಒಂದು ತುಂಡನ್ನು ಕಬ್ಬಿಣದ ಜಾಲರಿಯಲ್ಲಿ ಕಟ್ಟಿ, ಅರ್ಧ ಅಡಿ ಆಳಕ್ಕೆ ಹೂತು, ಗೂಟ ನೆಟ್ಟು ಗುರುತು ಇಡಿ. ಪ್ರತಿ ಬೆಳೆಗೂ ತೆಗೆದು ನೋಡಿ. ನಾವೂ ಇದನ್ನೇ ಮಾಡುತ್ತೇವೆ, ಜಾಲರಿ ಸ್ವಲ್ಪ ದುಬಾರಿ ಅಷ್ಟೆ.

ಅಲ್ಲಿಯವರೆಗೆ? ತೆಳು ಶೀಟಿಗಿಂತ ದಪ್ಪ ಶೀಟು ವಾಸಿ. ತೆಗೆಯುವಾಗ ಹರಿಯಲ್ಲ. ದುಡ್ಡು ಜಾಸ್ತಿ ಅನ್ನುತ್ತೀರಿ, ಗೊತ್ತು.

ಟೊಮೆಟೊಮನೆ ಬರೆದದ್ದು:

ಅಕ್ಕಾ, ಗಿರಿ ಸರ್, ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಸೇರಿನ ಕಥೆ ಓದಿ ಹೇಳಿದೆ. 'ನಮ್ಮ ಮಂಡಿಯ ತಕ್ಕಡಿ ನೋಡಿದರೆ ಆ ಅಕ್ಕ ಇನ್ನೊಂದು ಪಿಎಚ್‌ಡಿ ಮಾಡಬಹುದು' ಅಂದರು.

ಇನ್ನೆರಡು ಸಣ್ಣ ಪ್ರಶ್ನೆ. ಜಾಹೀರಾತಿನಲ್ಲಿ ತಿಂಗಳಿಗೆ 3,400 ಯೂರೋ ಅಂತಿದೆ. ಕೈಗೆ ಅಷ್ಟೂ ಬರುತ್ತಾ? ಇನ್ನೊಂದು, ನಮ್ಮ ಹೊಲದ ಮಣ್ಣು ಒಂದೆರಡು ಕೆಜಿ ಜೊತೆಗೆ ತಂದು ಅಲ್ಲೇ ಪರೀಕ್ಷೆ ಮಾಡಬಹುದಾ? ಅಪ್ಪ ಆಗಲೇ ಚೀಲ ಕೊಡುತ್ತೇನೆ ಅನ್ನುತ್ತಿದ್ದಾರೆ.

ಗೆಂಟ್‌ಗಿರಿ ಬರೆದದ್ದು:

ಬರಲ್ಲ. ಆ 3,400 ಅನ್ನುವುದು ಸಂಸ್ಥೆಗೆ ಸಿಗುವ ಮೊತ್ತ. ಸಂಸ್ಥೆ ನಿಮ್ಮ ಪರವಾಗಿ ಕಟ್ಟುವ ವಿಮೆ, ಪಿಂಚಣಿ ಎಲ್ಲ ಅದರಲ್ಲೇ. ಅದಾದ ಮೇಲೆ ನಿಮ್ಮ ತೆರಿಗೆ. ಜೊತೆಗೆ ದೇಶದ ಬೆಲೆಮಟ್ಟ ನೋಡಿ ಮೇಲೆ ಕೆಳಗೆ ಮಾಡುತ್ತಾರೆ. ಓಡಾಟದ ಭತ್ಯೆ 600 ಬೇರೆ ಬರುತ್ತೆ, ಅದಕ್ಕೂ ಇದೇ ಕತ್ತರಿ. ಕೈಗೆ ಎಷ್ಟು ಅಂತ ಅವರ ಹೆಚ್‌ಆರ್‌ಗೆ ನೇರವಾಗಿ ಮೇಲ್ ಹಾಕಿ ಕೇಳಿ. ಯಾರೂ ತಪ್ಪು ತಿಳಿಯಲ್ಲ, ಇಲ್ಲಿಯವರೂ ಕೇಳುತ್ತಾರೆ.

ಅದಕ್ಕಿಂತ ಮುಖ್ಯ ಇನ್ನೊಂದು. ಈ ಹಣ ಸಾಮಾನ್ಯವಾಗಿ 36 ತಿಂಗಳಿಗೆ. ನೆದರ್‌ಲ್ಯಾಂಡ್ಸಿನಂಥ ದೇಶದಲ್ಲಿ ಪಿಎಚ್‌ಡಿ ನಾಲ್ಕು ವರ್ಷ. ನಾಲ್ಕನೇ ವರ್ಷ ಸಂಬಳ ಯಾರು ಕೊಡುತ್ತಾರೆ ಅಂತ ಬರಹದಲ್ಲಿ ತಗೊಳ್ಳಿ. 'ನೋಡೋಣ' ಅಂದರೆ ಇಲ್ಲ ಅಂತಲೇ ಅರ್ಥ.

ಸೇರುಪಾವು ಬರೆದದ್ದು:

ಗಿರಿ ಅವರ ಕೊನೆಯ ಮಾತನ್ನು ಗೋಡೆಗೆ ಅಂಟಿಸಿಕೋ. ನನ್ನ ನಾಲ್ಕನೇ ವರ್ಷದ ಕಥೆ ಕೇಳಬೇಡ. ಎಂಟು ತಿಂಗಳು ಇಬ್ಬರು ಗೆಳತಿಯರ ಜೊತೆ ಒಂದು ರೂಮಿನಲ್ಲಿದ್ದೆ, ದಿನಾ ಚಿತ್ರಾನ್ನ.

ಮಣ್ಣು ತರಬೇಡ! ಸೂಟ್‌ಕೇಸಿನಲ್ಲಂತೂ ಬೇಡವೇ ಬೇಡ. ಹೊರದೇಶದ ಮಣ್ಣು ಯುರೋಪಿಗೆ ತರುವಂತಿಲ್ಲ. ಅದರಲ್ಲಿ ಗಿಡದ ರೋಗ, ಜಂತು ಬರುತ್ತೆ ಅಂತ ಕಟ್ಟುನಿಟ್ಟು. ಸಂಶೋಧನೆಗೆ ಅಂತ ವಿಶೇಷ ಅನುಮತಿ ಪತ್ರ ಉಂಟು, ಮಣ್ಣು ತರಿಸಿಕೊಳ್ಳುವ ಲ್ಯಾಬ್ ಅದನ್ನು ಮುಂಚೆಯೇ ಮಾಡಿಸಬೇಕು. ಒಮ್ಮೆ ನಮ್ಮ ಒಂದು ಪೆಟ್ಟಿಗೆ, ಅನುಮತಿ ಎಲ್ಲ ಇದ್ದೂ, ಒಂದು ವಿಮಾನ ನಿಲ್ದಾಣದ ಗೋದಾಮಿನಲ್ಲಿ ಮೂರು ವಾರ ಕೂತಿತ್ತು. ಪತ್ರದಲ್ಲಿ 5 ಕೆಜಿ ಅಂತಿತ್ತು, ಪೆಟ್ಟಿಗೆ ಸೇರಿ 6 ತೂಗಿತ್ತು. ನೋಡು, ಅಲ್ಲೂ ಸೇರಿನ ಜಗಳ.

ನೀನು ಬೇರೆ ಕೆಲಸ ಮಾಡು. ಈಗ ನಿಮ್ಮ ಹೊಲದಲ್ಲಿ ಐದು ಕಡೆ, ಗುದ್ದಲಿಯಿಂದ 20 ಸೆಂಟಿಮೀಟರ್ ಆಳದ ಮಣ್ಣು ತಗೊಂಡು ಬೆರೆಸು. ಗಾಜಿನ ಭರಣಿಯಲ್ಲಿ ಇಡು, ಉಪ್ಪಿನಕಾಯಿಯದು ಚೆನ್ನಾಗಿ ತೊಳೆದದ್ದು ಸಾಕು. ಮುಚ್ಚಳದ ಒಳಗೆ ಅಲ್ಯೂಮಿನಿಯಂ ಹಾಳೆ. ಪ್ಲಾಸ್ಟಿಕ್ ಕವರ್ ಮಾತ್ರ ಮುಟ್ಟಿಸಬೇಡ. ಶೀಟು ಎಂದೂ ಹಾಕದ ಬದುವಿನ ಮಣ್ಣು ಇನ್ನೊಂದು ಭರಣಿ. ಮೂರನೆಯದು ಖಾಲಿ, ಮುಚ್ಚಳ ತೆಗೆದು ಪಕ್ಕದಲ್ಲಿಟ್ಟು ಆಮೇಲೆ ಮುಚ್ಚು. ತಾರೀಖು, ಯಾವ ಮೈಕ್ರಾನ್ ಶೀಟು, ಎಷ್ಟು ಬೆಳೆ ಅಂತ ಅಪ್ಪನ ಕೈಲಿ ಬರೆಸು. ಇಂಟರ್‌ವ್ಯೂನಲ್ಲಿ ಆ ಮೂರನೇ ಭರಣಿ ಯಾಕೆ ಅಂತ ಅವರು ಕೇಳಿದರೆ ಉತ್ತರ ನಿನಗೆ ಗೊತ್ತಿದೆ.

ಭರಣಿಗಳನ್ನು ಅಲ್ಲೇ ನಿಮ್ಮ ಕಾಲೇಜಿನ ಲ್ಯಾಬಿನಲ್ಲಿ ತೇಲಿಸು. ನಿಮ್ಮಪ್ಪ ಹಾಕುವುದು ಪಾಲಿಥಿನ್ ಆದ್ದರಿಂದ ಅಡುಗೆ ಉಪ್ಪು ಸಾಕು. ಆ ದಿನ ಹತ್ತಿ ಬಟ್ಟೆ ಹಾಕಿಕೊಂಡು ಹೋಗು.

ಟೊಮೆಟೊಮನೆ ಬರೆದದ್ದು:

ಭರಣಿ ತೊಳೆದಿಟ್ಟೆ ಅಕ್ಕಾ. ಅಮ್ಮ ಬೈಯುತ್ತಿದ್ದಾರೆ, ಮಾವಿನಕಾಯಿ ಸೀಸನ್ನಿಗೆ ಮೂರು ಭರಣಿ ಕಮ್ಮಿಯಾಯಿತು ಅಂತ.